ಸಾಗರದಾಚೆಯ ದಾನ ಸಾಮಗ್ರಿ: ಬಡವರಿಗೆ ನೆರವಾಗುವುದು ಹೇಗೆ, ಎಡವುವುದು ಎಲ್ಲಿ?

ಚಾಂಪಿಯನ್ ರೀಫ್ಸ್ (ಕೆಜಿಎಫ್): ಕೋವಿಡ್ ಎರಡನೆಯ ಅಲೆ ರಾಜ್ಯವನ್ನು ತಲ್ಲಣಗೊಳಿಸಿದ್ದ 2021ರ ಮೇ ತಿಂಗಳಿನಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದ ಬಿಜಿಎಂಎಲ್ ಆಸ್ಪತ್ರೆಯ ಬಾಗಿಲುಗಳು ಮತ್ತೆ ತೆರೆದವು. 2001ರಲ್ಲಿ ಗಣಿಗಳು ಮುಚ್ಚಿದಾಗಲೇ ಕೆಲಸ ನಿಲ್ಲಿಸಿದ್ದ ಆ ಕಟ್ಟಡದಲ್ಲಿ ಎರಡು ದಶಕಗಳ ಧೂಳು ಕುಳಿತಿತ್ತು. ನೂರಾರು ಸ್ವಯಂಸೇವಕರು ಕೆಲವೇ ದಿನಗಳಲ್ಲಿ ಅದನ್ನು ಗುಡಿಸಿ, ತೊಳೆದು, ಹಾಸಿಗೆಗಳನ್ನು ಜೋಡಿಸಿ ಕೋವಿಡ್ ಆರೈಕೆ ಕೇಂದ್ರವನ್ನಾಗಿ ಸಜ್ಜುಗೊಳಿಸಿದರು.

ಅದೇ ಅವಧಿಯಲ್ಲಿ ದೆಹಲಿಯ ವಿಮಾನ ನಿಲ್ದಾಣದಲ್ಲಿ ವಿದೇಶಗಳ ನೆರವು ಬಂದಿಳಿಯುತ್ತಿತ್ತು. ಏಪ್ರಿಲ್ 27ರಂದು ಬ್ರಿಟನ್ನಿನಿಂದ 100 ವೆಂಟಿಲೇಟರ್ ಹಾಗೂ 95 ಆಮ್ಲಜನಕ ಸಾಂದ್ರಕಗಳ ಮೊದಲ ಸರಕು ಬಂದಿತು. ಆನಂತರ ಹತ್ತಾರು ದೇಶಗಳು ಸಿಲಿಂಡರ್, ಔಷಧ, ಪರೀಕ್ಷಾ ಕಿಟ್‌ಗಳನ್ನು ಕಳುಹಿಸಿದವು. 2004ರ ಸುನಾಮಿಯ ಕಾಲದಿಂದ ವಿದೇಶಿ ಸರ್ಕಾರಗಳ ವಿಪತ್ತು ನೆರವನ್ನು ನಯವಾಗಿ ನಿರಾಕರಿಸುತ್ತ ಬಂದಿದ್ದ ಭಾರತ ಆ ದಿನಗಳಲ್ಲಿ ಅದನ್ನು ಸ್ವೀಕರಿಸಿತು.

ದೂರದ ದೇಶದವರು ಕಳುಹಿಸುವ ವಸ್ತು ಬಡವನ ಬದುಕನ್ನು ನಿಜವಾಗಿ ಬದಲಿಸಬಲ್ಲುದೇ ಎಂಬ ಹಳೆಯ ಪ್ರಶ್ನೆಗೆ ಈ ಎರಡು ಘಟನೆಗಳು ಮತ್ತೆ ಜೀವ ಕೊಟ್ಟವು. ಯಂತ್ರ ಬಂದರೆ ಸಾಲದು. ಅದನ್ನಿಡಲು ಕಟ್ಟಡ, ನಡೆಸಲು ವಿದ್ಯುತ್ತು, ನೋಡಿಕೊಳ್ಳಲು ನುರಿತ ಕೈಗಳು ಬೇಕು. ಕಟ್ಟಡ ಮಾತ್ರ ಇದ್ದು ಯಂತ್ರವಿಲ್ಲದಿದ್ದರೂ ರೋಗಿಗೆ ಪ್ರಯೋಜನವಿಲ್ಲ. ಕಳೆದ ಏಳೆಂಟು ದಶಕಗಳ ಅನುಭವ ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದರ ಸಂಗ್ರಹ ಇಲ್ಲಿದೆ.

ದಾನ ಸಾಮಗ್ರಿಯ ಬಗೆಗಳು

ಒಂದು ದೇಶದಿಂದ ಇನ್ನೊಂದು ದೇಶದ ಬಡವರಿಗೆ ಹೋಗುವ ವಸ್ತುಗಳನ್ನು ಸ್ಥೂಲವಾಗಿ ಐದು ಬಗೆಯಾಗಿ ವಿಂಗಡಿಸಬಹುದು.

1. ಆಹಾರ: ಗೋಧಿ, ಅಕ್ಕಿ, ಹಾಲಿನ ಪುಡಿ, ಖಾದ್ಯ ತೈಲ, ಪೌಷ್ಟಿಕ ಹಿಟ್ಟು.
2. ಬಟ್ಟೆ ಮತ್ತು ಪಾದರಕ್ಷೆ: ಬಹುಪಾಲು ಬಳಸಿದವು, ಕೆಲವು ಹೊಸವು.
3. ಔಷಧ ಹಾಗೂ ರೋಗ ತಡೆಯುವ ಸಾಧನಗಳು: ಮಾತ್ರೆ, ಲಸಿಕೆ, ಸೊಳ್ಳೆ ಪರದೆ.
4. ಉಪಕರಣ: ಆಸ್ಪತ್ರೆಯ ಯಂತ್ರಗಳು, ಕಂಪ್ಯೂಟರ್, ಶಾಲಾ ಸಾಮಗ್ರಿ.
5. ದುಡಿಮೆಯ ಆಸ್ತಿ: ಹಸು, ಮೇಕೆ, ಕೋಳಿ, ಹೊಲಿಗೆ ಯಂತ್ರ.

ಇವು ಸಾಗುವ ಹಾದಿಗಳೂ ಬೇರೆಬೇರೆ. ಸರ್ಕಾರದಿಂದ ಸರ್ಕಾರಕ್ಕೆ ಹೋಗುವುದು ಒಂದು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಮೂಲಕ ಹೋಗುವುದು ಇನ್ನೊಂದು. ಸ್ವಯಂಸೇವಾ ಮತ್ತು ಧಾರ್ಮಿಕ ಸಂಸ್ಥೆಗಳ ಮೂಲಕ ಹೋಗುವುದು ಮೂರನೆಯದು. ಕೊನೆಯದಾಗಿ, ದಾನವಾಗಿ ಹೊರಟು ದಾರಿಯಲ್ಲಿ ವ್ಯಾಪಾರದ ಸರಕಾಗಿ ಮಾರ್ಪಡುವುದೂ ಉಂಟು. ಶ್ರೀಮಂತ ದೇಶಗಳಲ್ಲಿ ಸಂಗ್ರಹವಾಗುವ ಹಳೆಯ ಬಟ್ಟೆಗಳ ದೊಡ್ಡ ಪಾಲು ಈ ಗುಂಪಿಗೆ ಸೇರುತ್ತದೆ.

ಕೇರ್ ಪೊಟ್ಟಣದಿಂದ ಶಾಲೆಯ ಉಪ್ಪಿಟ್ಟಿನವರೆಗೆ

ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಅಮೆರಿಕದ 22 ಸಂಘಟನೆಗಳು ಕೂಡಿ ‘ಕೇರ್’ ಸಂಸ್ಥೆಯನ್ನು ಕಟ್ಟಿದವು. ಯುದ್ಧದಿಂದ ಜರ್ಜರಿತವಾಗಿದ್ದ ಯೂರೋಪಿನ ಕುಟುಂಬಗಳಿಗೆ ಆಹಾರದ ಪೊಟ್ಟಣ ಕಳುಹಿಸುವುದು ಅದರ ಉದ್ದೇಶ. ಸೈನಿಕರಿಗೆಂದು ಸಿದ್ಧಪಡಿಸಿ ಉಳಿದಿದ್ದ ಆಹಾರವೇ ಮೊದಲ ಪೊಟ್ಟಣಗಳಾದವು. ಅವು 1946ರ ಮೇ 11ರಂದು ಫ್ರಾನ್ಸಿನ ಲೆ ಹಾವ್ರ್ ಬಂದರನ್ನು ತಲುಪಿದವು. 1950ರಲ್ಲಿ ಸಂಸ್ಥೆ ಭಾರತದಲ್ಲಿ ಕೆಲಸ ಆರಂಭಿಸಿತು.

1954ರಲ್ಲಿ ಅಮೆರಿಕ ತನ್ನ ರೈತರ ಹೆಚ್ಚುವರಿ ಧಾನ್ಯವನ್ನು ಹೊರದೇಶಗಳಿಗೆ ಸಾಗಿಸಲು ‘ಪಿ.ಎಲ್. 480’ ಕಾನೂನು ತಂದಿತು. ಭಾರತಕ್ಕೆ ಬಂದ ಧಾನ್ಯದ ಹೆಚ್ಚಿನ ಪಾಲು ದಾನವಲ್ಲ, ರೂಪಾಯಿಯಲ್ಲಿ ಪಾವತಿಸುವ ರಿಯಾಯಿತಿ ಮಾರಾಟ. ಹಾಗೆ ಜಮೆಯಾದ ಹಣದಲ್ಲಿ 1,664 ಕೋಟಿ ರೂಪಾಯಿಯನ್ನು ಅಮೆರಿಕ 1974ರಲ್ಲಿ ಭಾರತಕ್ಕೆ ಬಿಟ್ಟುಕೊಟ್ಟಿತು. ಆದರೆ ಅದೇ ಕಾನೂನಿನ ಮತ್ತೊಂದು ಭಾಗದಡಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ಉಚಿತ ಆಹಾರವೂ ಬರುತ್ತಿತ್ತು. 1960ರ ದಶಕದಲ್ಲಿ ಅಂದಿನ ಮೈಸೂರು ರಾಜ್ಯದ ಪ್ರಾಥಮಿಕ ಶಾಲೆಗಳ ಅಂಗಳದಲ್ಲಿ ಬೆಂದ ಗೋಧಿ ಉಪ್ಪಿಟ್ಟು ಹಾಗೂ ಪುಡಿಯಿಂದ ಕಲಸಿದ ಹಾಲು ಬಂದದ್ದು ಈ ಹಾದಿಯಿಂದಲೇ. ಇಂದು ಅರವತ್ತು ದಾಟಿದ ಅನೇಕರಿಗೆ ‘ಕೇರ್ ಉಪ್ಪಿಟ್ಟಿನ’ ರುಚಿ ನೆನಪಿದೆ. ಆ ಉಪ್ಪಿಟ್ಟಿಗಾಗಿಯೇ ಶಾಲೆಗೆ ಬಂದವರೂ ಇದ್ದರು ಎಂಬುದನ್ನು ಆ ತಲೆಮಾರು ಸಂಕೋಚವಿಲ್ಲದೆ ಹೇಳುತ್ತದೆ.

ಈ ಆಹಾರಕ್ಕೆ ಕರ್ನಾಟಕದ ಜ್ಞಾನವೂ ಬೆರೆಯಿತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ರೂಪಿಸಿದ ‘ಬಾಲಾಹಾರ’ ಎಂಬ ಪೌಷ್ಟಿಕ ಮಿಶ್ರಣದಲ್ಲಿ ಗೋಧಿಯೊಡನೆ ನಮ್ಮ ಶೇಂಗಾ ಹಿಂಡಿಯ ಹಿಟ್ಟು ಸೇರಿತ್ತು. 1966-67ರ ಬಿಹಾರದ ಬರಗಾಲದಲ್ಲಿ ಅದು ಮಕ್ಕಳ ಹಸಿವನ್ನು ತಣಿಸಿತು. ಶೇಂಗಾ ಪ್ರೋಟೀನು ಬೆರೆಸಿದ ‘ಮಿಲ್ಟೋನ್’ ಎಂಬ ಹಾಲಿನ ಪೇಯ ಬೆಂಗಳೂರು ಡೇರಿಯಲ್ಲಿ ತಯಾರಾಯಿತು. ಹೊರಗಿನ ನೆರವಿಗೆ ಒಳಗಿನ ಕೌಶಲ ಕೂಡಿದಾಗ ಅದು ಬೇರೂರುತ್ತದೆ ಎಂಬುದಕ್ಕೆ ಇವು ಆರಂಭದ ಉದಾಹರಣೆಗಳು.

ದೂರುಗಳೂ ಇದ್ದವು. ಅಮೆರಿಕದ ಗೋಧಿ ಬರುತ್ತದೆ ಎಂಬ ಭರವಸೆಯಿಂದ ನಮ್ಮ ಕೃಷಿಯ ಬಗ್ಗೆ ಅಸಡ್ಡೆ ಬೆಳೆಯಿತು, ಹಡಗು ಬಂದರೆ ಊಟ ಎಂಬ ಸ್ಥಿತಿ ದೇಶದ ಸ್ವಾಭಿಮಾನಕ್ಕೆ ಪೆಟ್ಟು ಕೊಟ್ಟಿತು ಎಂಬುದು ಪ್ರಮುಖವಾದದ್ದು. 1965-66ರ ಸತತ ಬರದ ಕಾಲದಲ್ಲಿ ಅಮೆರಿಕ ಧಾನ್ಯದ ಸಾಗಣೆಯನ್ನು ರಾಜಕೀಯ ಒತ್ತಡದ ಸಾಧನವಾಗಿ ಬಳಸಿದ್ದು ಹಸಿರು ಕ್ರಾಂತಿಗೆ ಪರೋಕ್ಷ ಪ್ರೇರಣೆಯೂ ಆಯಿತು. ಹೊಲಗದ್ದೆಗಳನ್ನು ಕಾಡುವ ಪಾರ್ಥೇನಿಯಂ ಕಳೆ ಆ ಗೋಧಿಯೊಡನೆ ಬಂತೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಗಟ್ಟಿಯಾಗಿದೆ. 1950ರ ದಶಕದ ಮಧ್ಯಭಾಗದಲ್ಲಿ ಪುಣೆಯಲ್ಲಿ ಈ ಕಳೆ ಗಮನಕ್ಕೆ ಬಂದದ್ದು ನಿಜ. ಆದರೆ ಗೋಧಿಯ ಒಪ್ಪಂದಕ್ಕೆ ಸಹಿ ಬಿದ್ದದ್ದು 1956ರ ಆಗಸ್ಟಿನಲ್ಲಿ. ಆದ್ದರಿಂದ ಆ ನಂಬಿಕೆಯನ್ನು ಸಿದ್ಧಸತ್ಯವೆನ್ನಲಾಗದು.

ಅಂತಿಮವಾಗಿ ಉಳಿದದ್ದು ಗೋಧಿಯಲ್ಲ, ಪದ್ಧತಿ. ಮಗುವಿಗೆ ಶಾಲೆಯಲ್ಲಿ ಊಟ ಕೊಡಬೇಕೆಂಬ ವಿಚಾರ ಸರ್ಕಾರದ ಹೊಣೆಯಾಗಿ ಬೆಳೆಯಿತು. 2001ರ ನವೆಂಬರಿನಲ್ಲಿ ಬೇಯಿಸಿದ ಬಿಸಿಯೂಟ ನೀಡುವಂತೆ ಸುಪ್ರೀಂ ಕೋರ್ಟು ಆದೇಶಿಸಿತು. 2002ರಲ್ಲಿ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ‘ಅಕ್ಷರ ದಾಸೋಹ’ ಆರಂಭವಾಗಿ ಬಳಿಕ ರಾಜ್ಯವನ್ನೆಲ್ಲ ವ್ಯಾಪಿಸಿತು. 2013ರ ಆಗಸ್ಟಿನಲ್ಲಿ ‘ಕ್ಷೀರಭಾಗ್ಯ’ ಸೇರಿತು. ಒಂದು ಕಾಲಕ್ಕೆ ಹಡಗಿನಲ್ಲಿ ಬಂದ ಪುಡಿಯ ಹಾಲು ಕುಡಿದ ಶಾಲೆಗಳಲ್ಲಿ ಈಗ ಮಕ್ಕಳು ಕುಡಿಯುವುದು ನಮ್ಮದೇ ರೈತರ ಹಾಲು. ಈ ಬದಲಾವಣೆಯ ಹಿಂದೆಯೂ ದಾನದ ಸಾಮಗ್ರಿಯ ಇನ್ನೊಂದು ಕಥೆಯಿದೆ.

ದಾನದ ಪುಡಿ ಡೇರಿಯಾದ ಬಗೆ

1960ರ ದಶಕದ ಕೊನೆಗೆ ಯೂರೋಪಿನ ಆರ್ಥಿಕ ಸಮುದಾಯದ ದೇಶಗಳಲ್ಲಿ ಹಾಲಿನ ಪುಡಿ, ಬೆಣ್ಣೆಗಳ ರಾಶಿ ಬಿದ್ದಿತ್ತು. ಅದು ಅಗ್ಗದ ಬೆಲೆಗೋ ಉಚಿತವಾಗಿಯೋ ಭಾರತದ ಪೇಟೆಗೆ ನುಗ್ಗಿದರೆ ಇಲ್ಲಿನ ಹೈನುಗಾರರು ಉಳಿಯಲಾರರೆಂಬುದು ಡಾ. ವರ್ಗೀಸ್ ಕುರಿಯನ್ ಅವರ ಆತಂಕ. ರಾಶಿಯನ್ನು ತಡೆಯುವುದಕ್ಕಿಂತ ಅದನ್ನೇ ಬಂಡವಾಳ ಮಾಡಿಕೊಳ್ಳುವುದು ಲೇಸೆಂದು ಅವರು ಯೋಚಿಸಿದರು. 1970ರಲ್ಲಿ ಆರಂಭವಾದ ‘ಆಪರೇಷನ್ ಫ್ಲಡ್’ ಯೋಜನೆಯ ತಿರುಳು ಇದೇ.

ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಮೊದಲ ಹಂತಕ್ಕೆ ಗೊತ್ತುಪಡಿಸಿದ ದಾನ 1,26,000 ಟನ್ ಕೆನೆರಹಿತ ಹಾಲಿನ ಪುಡಿ ಮತ್ತು 42,000 ಟನ್ ಬೆಣ್ಣೆ ಎಣ್ಣೆ. ಅದನ್ನು ಯಾರಿಗೂ ಪುಕ್ಕಟೆ ಹಂಚಲಿಲ್ಲ. ಮಹಾನಗರಗಳ ಡೇರಿಗಳಿಗೆ ಸ್ಥಳೀಯ ಹಾಲಿನ ಬೆಲೆಯನ್ನು ಕುಸಿಯಗೊಡದ ದರದಲ್ಲಿ ಮಾರಲಾಯಿತು. ಬಂದ ಹಣ ಹಳ್ಳಿಯ ಸಹಕಾರ ಸಂಘ, ಶೀತಲೀಕರಣ ಕೇಂದ್ರ, ಟ್ಯಾಂಕರು, ಪಶುವೈದ್ಯ ಸೇವೆಗಳಿಗೆ ಹೋಯಿತು.

ಕರ್ನಾಟಕದ ಹಾದಿ ಸ್ವಲ್ಪ ಭಿನ್ನ. ಯುನಿಸೆಫ್ ನೆರವಿನಿಂದ ರೂಪುಗೊಂಡ ಬೆಂಗಳೂರು ಡೇರಿ 1965ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. 1970ರ ದಶಕದ ಮಧ್ಯಭಾಗದಲ್ಲಿ ವಿಶ್ವ ಬ್ಯಾಂಕ್ ಸಾಲದ ನೆರವಿನಿಂದ ಹಳ್ಳಿ ಮಟ್ಟದ ಹಾಲು ಉತ್ಪಾದಕರ ಸಂಘಗಳು ಹುಟ್ಟಿದವು. ಮುಂದಿನ ಹಂತಗಳಲ್ಲಿ ರಾಜ್ಯ ಆಪರೇಷನ್ ಫ್ಲಡ್‌ಗೆ ಸೇರಿತು. ಇಂದು ‘ನಂದಿನಿ’ ಹೆಸರು ತಿಳಿಯದ ಮನೆ ರಾಜ್ಯದಲ್ಲಿ ವಿರಳ. ಚಿನ್ನ, ರೇಷ್ಮೆ, ಹಾಲಿನ ನಾಡೆಂದು ಹೆಸರಾಗಿದ್ದ ಕೋಲಾರದಲ್ಲಿ ಚಿನ್ನ ನಿಂತ ಮೇಲೂ ಹಾಲು ನಿಲ್ಲಲಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಬಯಲುಸೀಮೆಯ ಎಷ್ಟೋ ಕುಟುಂಬಗಳ ಒಲೆ ಉರಿದದ್ದು ಡೇರಿಯ ಬಟವಾಡೆಯಿಂದ.

ಈ ಯೋಜನೆಯೂ ಟೀಕೆಯಿಂದ ಹೊರತಲ್ಲ. ಬಡವನ ಮಗುವಿನ ಬಾಯಿಯ ಹಾಲು ನಗರಕ್ಕೆ ಹರಿಯಿತು, ದಾನದ ಪುಡಿಯ ಮೇಲೆ ಅವಲಂಬನೆ ಬೆಳೆಯಿತು ಎಂಬ ಆಕ್ಷೇಪಗಳು 1980ರ ದಶಕದ ಆರಂಭದಲ್ಲಿ ಪತ್ರಿಕೆಗಳಲ್ಲಿ ಬಿರುಸಾಗಿ ಕೇಳಿಬಂದವು. ಅವುಗಳ ಪರಿಶೀಲನೆಗೆ ಎಲ್.ಕೆ. ಝಾ ಸಮಿತಿಯೂ ನೇಮಕವಾಯಿತು. ಆದರೂ ದಾನದ ಸರಕನ್ನು ಉಣಿಸಿ ಮುಗಿಸದೆ ಅದರಿಂದ ಸಂಸ್ಥೆಯೊಂದನ್ನು ಕಟ್ಟಿ, ಮುಂದೆ ದಾನವೇ ಬೇಡವಾಗುವಂತೆ ಮಾಡಿದ ನಿದರ್ಶನವಾಗಿ ಇದನ್ನು ಜಗತ್ತಿನಾದ್ಯಂತ ಉಲ್ಲೇಖಿಸುತ್ತಾರೆ.

ಮಾತ್ರೆ ಮತ್ತು ಸೊಳ್ಳೆ ಪರದೆ: ಹೆಚ್ಚು ಫಲ ಕೊಟ್ಟ ದಾನ

ದಾನದ ವಸ್ತುಗಳಲ್ಲಿ ಅತ್ಯಂತ ಸ್ಪಷ್ಟವಾದ ಪ್ರಯೋಜನ ಕಂಡಿರುವುದು ಆರೋಗ್ಯ ಕ್ಷೇತ್ರದಲ್ಲಿ. ‘ನದಿ ಕುರುಡು’ ರೋಗಕ್ಕೆ ಐವರ್‌ಮೆಕ್ಟಿನ್ ಮಾತ್ರೆಗಳನ್ನು ಬೇಕಾದಷ್ಟು, ಬೇಕಾದಷ್ಟು ಕಾಲ ಉಚಿತವಾಗಿ ಕೊಡುವುದಾಗಿ ಮೆರ್ಕ್ ಕಂಪನಿ 1987ರಲ್ಲಿ ಘೋಷಿಸಿತು. ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ಹಳ್ಳಿಗಳಲ್ಲಿ ಆ ರೋಗ ಹಿಮ್ಮೆಟ್ಟಿತು. ಕೆಲವು ದೇಶಗಳು ಅದರಿಂದ ಪೂರ್ಣ ಮುಕ್ತವಾದವು. ಕುಷ್ಠರೋಗದ ಬಹೌಷಧ ಚಿಕಿತ್ಸೆಯ ಮಾತ್ರೆಗಳನ್ನು ನೊವಾರ್ಟಿಸ್ ಕಂಪನಿ 2000ದಿಂದ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಉಚಿತವಾಗಿ ಒದಗಿಸುತ್ತ ಬಂದಿದ್ದು, ಅವು ಭಾರತದ ರೋಗಿಗಳಿಗೂ ಸಂದಿವೆ.

ಕೀಟನಾಶಕ ಲೇಪಿಸಿದ ಸೊಳ್ಳೆ ಪರದೆಗಳ ಲೆಕ್ಕ ಇನ್ನೂ ಬೆರಗು ಹುಟ್ಟಿಸುವಂಥದು. 2000ದಿಂದ 2015ರ ಅವಧಿಯಲ್ಲಿ ಮಲೇರಿಯಾ ತಡೆ ಕ್ರಮಗಳಿಂದ ಆಫ್ರಿಕಾದಲ್ಲಿ ತಪ್ಪಿದ ಪ್ರಕರಣಗಳು 66 ಕೋಟಿಗೂ ಹೆಚ್ಚು, ಅದರಲ್ಲಿ ಶೇ. 68ರಷ್ಟು ಶ್ರೇಯ ಪರದೆಗಳದ್ದೆಂದು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಪುಕ್ಕಟೆ ಕೊಟ್ಟರೆ ಜನ ಬೆಲೆ ಕೊಡುವುದಿಲ್ಲ ಎಂಬ ವಾದವನ್ನು ಕೀನ್ಯಾದಲ್ಲಿ ನಡೆದ ಪ್ರಯೋಗವೊಂದು ಪರೀಕ್ಷೆಗೆ ಒಡ್ಡಿತು. ಪರದೆಗೆ ಅಲ್ಪ ಬೆಲೆ ಇಟ್ಟಾಗ ಕೊಳ್ಳುವವರ ಸಂಖ್ಯೆ ತೀವ್ರವಾಗಿ ಕುಸಿಯಿತು. ಪುಕ್ಕಟೆ ಪಡೆದವರು ಹಣ ಕೊಟ್ಟವರಿಗಿಂತ ಕಡಿಮೆಯೇನೂ ಬಳಸಲಿಲ್ಲ. 2010ರಲ್ಲಿ ಪ್ರಕಟವಾದ ಈ ಫಲಿತಾಂಶ ಹಲವು ದೇಶಗಳ ಧೋರಣೆಯನ್ನು ಬದಲಿಸಿತು.

ಈ ದಾನಗಳು ಫಲಿಸಲು ಕಾರಣಗಳಿವೆ. ವಸ್ತು ಸ್ಥಳೀಯವಾಗಿ ಸುಲಭವಾಗಿ ಸಿಗುತ್ತಿರಲಿಲ್ಲ. ಬೇಕೆಂದು ಕೇಳಿದವರು ಆಯಾ ದೇಶದವರೇ. ಹಂಚುವ ಆರೋಗ್ಯ ಕಾರ್ಯಕರ್ತರ ಜಾಲ ಸಿದ್ಧವಿತ್ತು. ಮತ್ತು ನೆರವು ಒಂದು ವರ್ಷಕ್ಕೆ ನಿಲ್ಲಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಬೋಸ್ನಿಯಾದ್ದು. 1992ರಿಂದ 1996ರ ಯುದ್ಧಕಾಲದಲ್ಲಿ ಅಲ್ಲಿಗೆ ಬಂದ ದಾನದ ಔಷಧಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅನುಚಿತವಾದವು. ಅವಧಿ ಮೀರಿದ್ದು, ಅರೆಬಳಸಿದ್ದು, ಅಲ್ಲಿನ ರೋಗಗಳಿಗೆ ಸಂಬಂಧಿಸದ್ದು ಎಲ್ಲವೂ ಸೇರಿ ಸುಮಾರು 17,000 ಟನ್ ಔಷಧ ಗೋದಾಮುಗಳಲ್ಲಿ ಕಸವಾಗಿ ಉಳಿಯಿತು. ಅದನ್ನು ಸುರಕ್ಷಿತವಾಗಿ ನಾಶಪಡಿಸುವ ಖರ್ಚು ಬೇರೆ. 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧ ದಾನಕ್ಕೆ ಮಾರ್ಗಸೂಚಿ ಹೊರಡಿಸಿತು. ಪಡೆಯುವವರು ಕೇಳಿದ್ದನ್ನಷ್ಟೇ ಕಳುಹಿಸಬೇಕು, ತಲುಪುವ ಹೊತ್ತಿಗೆ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು, ರೋಗಿಗಳು ಹಿಂದಿರುಗಿಸಿದ ಮಾತ್ರೆ ಸಲ್ಲದು ಎಂಬುವು ಅದರ ಮುಖ್ಯ ಸೂತ್ರಗಳು.

ಹಳೆಯ ಬಟ್ಟೆಯ ಹೊಸ ತೊಡಕು

ನಗರವಾಸಿಗಳಿಗೆ ದಾನವೆಂದೊಡನೆ ಮೊದಲು ಹೊಳೆಯುವುದು ಹಳೆಯ ಬಟ್ಟೆ. ಅಮೆರಿಕ, ಯೂರೋಪಿನ ಸಂಗ್ರಹ ಪೆಟ್ಟಿಗೆಗಳಿಗೆ ಬಿದ್ದ ಬಟ್ಟೆಯ ಸ್ವಲ್ಪ ಭಾಗ ಅಲ್ಲಿಯೇ ಮಾರಾಟವಾಗಿ, ಉಳಿದದ್ದು ಮೂಟೆಗಳಾಗಿ ಆಫ್ರಿಕಾಕ್ಕೆ ಹೋಗುತ್ತದೆ. ಪೂರ್ವ ಆಫ್ರಿಕಾದಲ್ಲಿ ಅದಕ್ಕೆ ‘ಮಿತುಂಬಾ’ ಎಂಬ ಹೆಸರು. ಘಾನಾದ ರಾಜಧಾನಿ ಅಕ್ರಾದ ಕಾಂಟಮಾಂಟೊ ಈ ವ್ಯಾಪಾರದ ಪ್ರಸಿದ್ಧ ಪೇಟೆ. ಮೂಟೆಯೊಳಗೇನಿದೆ ಎಂದು ತಿಳಿಯದೆ ಸಾಲ ಮಾಡಿ ಕೊಳ್ಳುವ ಸಣ್ಣ ವ್ಯಾಪಾರಿಗೆ ಒಳ್ಳೆಯ ಬಟ್ಟೆ ಸಿಕ್ಕರೆ ಲಾಭ, ಹರಿದದ್ದು ಸಿಕ್ಕರೆ ನಷ್ಟ. ಮಾರಾಟವಾಗದ ಬಟ್ಟೆ ಕಡಲ ತೀರದಲ್ಲಿ, ಚರಂಡಿಗಳಲ್ಲಿ ಅಡಿಗಟ್ಟುತ್ತದೆ. 2025ರ ಜನವರಿಯಲ್ಲಿ ಈ ಪೇಟೆ ಬೆಂಕಿಗೆ ಆಹುತಿಯಾದಾಗ ಸಾವಿರಾರು ಕುಟುಂಬಗಳ ಅನ್ನಕ್ಕೆ ಕುತ್ತು ಬಂದಿತು.

ಆಫ್ರಿಕಾದ ಸಿದ್ಧ ಉಡುಪು ಉದ್ಯಮದ ಮೇಲೆ ಇದರ ಪರಿಣಾಮ ಸಣ್ಣದಲ್ಲ. 1981ರಿಂದ 2000ದವರೆಗೆ ಅಲ್ಲಿನ ಉಡುಪು ಉತ್ಪಾದನೆಯಲ್ಲಿ ಆದ ಕುಸಿತದ ಸುಮಾರು ಶೇ. 40ರಷ್ಟಕ್ಕೆ ಹಳೆಯ ಬಟ್ಟೆಯ ಆಮದು ಕಾರಣವೆಂದು ಅರ್ಥಶಾಸ್ತ್ರಜ್ಞ ಗಾರ್ಥ್ ಫ್ರೇಜರ್ 2008ರಲ್ಲಿ ಲೆಕ್ಕಹಾಕಿದರು. 2016ರಲ್ಲಿ ಪೂರ್ವ ಆಫ್ರಿಕಾದ ದೇಶಗಳು ಈ ಆಮದನ್ನು ಹಂತಹಂತವಾಗಿ ನಿಲ್ಲಿಸಲು ನಿರ್ಧರಿಸಿದವು. ಆದರೆ ಅಮೆರಿಕದ ಒತ್ತಡಕ್ಕೆ ಮಣಿದು ಹಲವು ಹಿಂದೆ ಸರಿದವು. ಪಟ್ಟು ಸಡಿಲಿಸದ ರುವಾಂಡಾ 2018ರಲ್ಲಿ ತನ್ನ ಉಡುಪುಗಳಿಗೆ ಅಮೆರಿಕದಲ್ಲಿದ್ದ ಸುಂಕ ವಿನಾಯಿತಿಯನ್ನು ಕಳೆದುಕೊಂಡಿತು. ಇನ್ನೊಂದು ಮುಖವೂ ಇದೆ: ಅಗ್ಗದ ಬಟ್ಟೆ ಬಡ ಕುಟುಂಬದ ಖರ್ಚನ್ನು ಇಳಿಸುತ್ತದೆ, ದರ್ಜಿಗಳಿಗೂ ಬೀದಿ ವ್ಯಾಪಾರಿಗಳಿಗೂ ಕೆಲಸ ಕೊಡುತ್ತದೆ.

ಭಾರತ ತನ್ನ ನೇಕಾರರನ್ನೂ ಉಡುಪು ಉದ್ಯಮವನ್ನೂ ಕಾಯಲು ಬಳಸಿದ ಬಟ್ಟೆಯ ಆಮದಿಗೆ ಪರವಾನಗಿಯ ಕಟ್ಟು ಹಾಕಿದೆ. ತೊಡಲಾಗದಂತೆ ಕತ್ತರಿಸಿದ ಚಿಂದಿಗೆ ಮಾತ್ರ ಸುಲಭ ಪ್ರವೇಶ. ಹರಿಯಾಣದ ಪಾಣಿಪತ್ತಿನ ಗಿರಣಿಗಳು ಆ ಚಿಂದಿಯ ನೂಲಿನಿಂದ ಕಂಬಳಿ ನೇಯುತ್ತವೆ. ಜಗತ್ತಿನ ಭೂಕಂಪ, ಯುದ್ಧ ಪೀಡಿತರಿಗೆ ಪರಿಹಾರ ಸಂಸ್ಥೆಗಳು ಹಂಚುವ ಕಂಬಳಿಗಳಲ್ಲಿ ಇವುಗಳ ಪಾಲು ದೊಡ್ಡದು. ಶ್ರೀಮಂತ ದೇಶದ ಕೋಟು ಭಾರತದಲ್ಲಿ ಕಂಬಳಿಯಾಗಿ ಮೂರನೆಯ ದೇಶದ ನಿರಾಶ್ರಿತನ ಮೈ ಮುಚ್ಚುವ ಈ ಪಯಣ ಅಪರೂಪದ್ದು.

ಬೇಡದ ಬಟ್ಟೆಯ ಕಹಿ ಅನುಭವ ನಮ್ಮ ನೆರೆಯಲ್ಲೇ ಆಗಿದೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ಲಾರಿಗಟ್ಟಲೆ ಹಳೆಯ ಬಟ್ಟೆ ಬಂದಿತು. ಮೀನುಗಾರರ ಕುಟುಂಬಗಳು ಹರಿದ, ಮಾಸಿದ ಬಟ್ಟೆಯನ್ನು ಮುಟ್ಟಲು ನಿರಾಕರಿಸಿದವು. ರಾಶಿಗಳು ರಸ್ತೆ ಬದಿಯಲ್ಲಿ ಕೊಳೆತವು. ‘ಗೂಂಜ್’ ಸಂಸ್ಥೆ ಅಂತಹ ಬಟ್ಟೆಯನ್ನು ವಿಂಗಡಿಸಿ ಮರುಬಳಕೆಗೆ ತರುವ ಕೆಲಸ ಮಾಡಿತು. 1999ರಲ್ಲಿ ಈ ಸಂಸ್ಥೆಯನ್ನು ಆರಂಭಿಸಿದ ಅಂಶು ಗುಪ್ತ ಅವರಿಗೆ 2015ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಊರಿನ ಬಾವಿ, ರಸ್ತೆ, ಕೆರೆಯ ಕೆಲಸ ಮಾಡಿದವರಿಗೆ ಬಟ್ಟೆಯನ್ನು ಭಿಕ್ಷೆಯಾಗಿ ಕೊಡದೆ ಪ್ರತಿಫಲವಾಗಿ ಕೊಡುವುದು ಅದರ ಪದ್ಧತಿ. ಪಡೆಯುವವನ ಮಾನ ಕಾಯುವುದೂ ದಾನದ ಅಂಗವೆಂಬುದು ಅದರ ಹಿಂದಿನ ತಿಳಿವಳಿಕೆ.

ಮೂಲೆ ಸೇರುವ ಯಂತ್ರಗಳು

ಬಡ ದೇಶಗಳ ಆಸ್ಪತ್ರೆಗಳಲ್ಲಿರುವ ವೈದ್ಯಕೀಯ ಉಪಕರಣಗಳಲ್ಲಿ ಸುಮಾರು ಶೇ. 40 ಕೆಲಸಕ್ಕೆ ಬಾರದ ಸ್ಥಿತಿಯಲ್ಲಿವೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ದಾನದ ಯಂತ್ರಗಳಿಗೆ ಈ ಗತಿ ಬೇಗ ಬರುತ್ತದೆ. ಅಮೆರಿಕದ ವಿದ್ಯುತ್ತು 120 ವೋಲ್ಟ್, ನಮ್ಮದು 230. ಕೈಪಿಡಿ ಅರಿಯದ ಭಾಷೆಯಲ್ಲಿರುತ್ತದೆ. ಫಿಲ್ಟರು, ಫ್ಯೂಸು, ಬ್ಯಾಟರಿ ಸ್ಥಳೀಯವಾಗಿ ಸಿಗುವುದಿಲ್ಲ. ರಿಪೇರಿ ಮಾಡಬಲ್ಲ ತಂತ್ರಜ್ಞನಿಲ್ಲ. ಯಂತ್ರ ಉದ್ಘಾಟನೆಯ ದಿನ ಹೂವಿನ ಹಾರ ಧರಿಸಿ, ಆರು ತಿಂಗಳಲ್ಲಿ ಮುಸುಕು ಹೊದ್ದು ಮೂಲೆ ಸೇರುತ್ತದೆ. ಆದ್ದರಿಂದಲೇ ತರಬೇತಿ, ಬಿಡಿಭಾಗ, ನಿರ್ವಹಣೆಯ ವೆಚ್ಚ ಸೇರಿರದ ಉಪಕರಣ ದಾನ ಅಪೂರ್ಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇಡವೆನ್ನುವ ಹಕ್ಕು ಪಡೆಯುವ ಆಸ್ಪತ್ರೆಗೆ ಇರಬೇಕೆಂಬುದೂ ಅದರ ಸಲಹೆ.

ಶೂ ಕೊಟ್ಟರೆ ಏನಾಗುತ್ತದೆ, ಹಸು ಕೊಟ್ಟರೆ ಏನಾಗುತ್ತದೆ

ಒಂದು ಜೊತೆ ಶೂ ಕೊಂಡರೆ ಇನ್ನೊಂದನ್ನು ಬಡ ಮಗುವಿಗೆ ಕೊಡುವುದಾಗಿ 2006ರಲ್ಲಿ ಆರಂಭವಾದ ಟಾಮ್ಸ್ ಕಂಪನಿ ಜಗತ್ತಿನ ಗಮನ ಸೆಳೆದಿತ್ತು. ತನ್ನ ದಾನದ ಪರಿಣಾಮವನ್ನು ಅಳೆಯಲು ಕಂಪನಿಯೇ ಸಂಶೋಧಕರಿಗೆ ಅವಕಾಶ ಕೊಟ್ಟದ್ದು ಮೆಚ್ಚತಕ್ಕ ವಿಷಯ. ಎಲ್ ಸಾಲ್ವಡಾರ್ ದೇಶದಲ್ಲಿ ನಡೆದ ಅಧ್ಯಯನದಲ್ಲಿ ಮಕ್ಕಳು ಶೂಗಳನ್ನು ಇಷ್ಟಪಟ್ಟು ತೊಟ್ಟದ್ದು ಕಂಡುಬಂತು. ಆದರೆ ಆರೋಗ್ಯ, ಶಾಲಾ ಹಾಜರಾತಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕುಟುಂಬದ ಅಗತ್ಯಗಳನ್ನು ಹೊರಗಿನವರು ಪೂರೈಸಬೇಕೆಂದು ಹೇಳಿದ ಮಕ್ಕಳ ಪ್ರಮಾಣ ಶೂ ಪಡೆದವರಲ್ಲಿ ಶೇ. 79, ಪಡೆಯದವರಲ್ಲಿ ಶೇ. 66 ಇತ್ತು. ಕಂಪನಿ ಮುಂದೆ ಆ ಪದ್ಧತಿಯನ್ನು ಕೈಬಿಟ್ಟು ಲಾಭದ ಪಾಲನ್ನು ಹಣವಾಗಿ ನೀಡತೊಡಗಿತು.

ದುಡಿಮೆಯ ಆಸ್ತಿಯ ದಾನಕ್ಕೆ ಬೇರೆಯೇ ಫಲ ಕಂಡಿದೆ. ಬಾಂಗ್ಲಾದೇಶದ ‘ಬ್ರ್ಯಾಕ್’ ಸಂಸ್ಥೆ 2002ರಲ್ಲಿ ಕಡುಬಡವರಿಗಾಗಿ ರೂಪಿಸಿದ ಕಾರ್ಯಕ್ರಮದಲ್ಲಿ ಹಸು ಅಥವಾ ಮೇಕೆಯ ಜೊತೆಗೆ ಸಾಕುವ ತರಬೇತಿ, ಆರಂಭದ ತಿಂಗಳುಗಳ ಊಟದ ಖರ್ಚು, ಉಳಿತಾಯದ ಅಭ್ಯಾಸ, ವಾರವಾರದ ಭೇಟಿ ಎಲ್ಲವೂ ಸೇರಿದ್ದವು. ಭಾರತ ಸೇರಿ ಆರು ದೇಶಗಳ 10,495 ಕುಟುಂಬಗಳಲ್ಲಿ ಈ ಮಾದರಿಯನ್ನು ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನೆರವು ನಿಂತು ವರ್ಷ ಕಳೆದ ಮೇಲೂ ಆ ಕುಟುಂಬಗಳ ಊಟ, ಆದಾಯ, ಆಸ್ತಿ ಮೊದಲಿಗಿಂತ ಮೇಲಿದ್ದವು. ಪಶ್ಚಿಮ ಬಂಗಾಳದಲ್ಲಿ ಹತ್ತು ವರ್ಷಗಳ ನಂತರವೂ ಆ ಏಳಿಗೆ ಉಳಿದಿತ್ತು. ಮೇವಿಲ್ಲದ ಊರಿನಲ್ಲಿ ಬರಿಯ ಹಸುವನ್ನು ಕಟ್ಟಿ ಬಂದರೆ ಅದು ಹೊರೆಯಾಗುತ್ತದೆಂಬುದನ್ನು ಕೋಲಾರದ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ.

ವಸ್ತುವೋ, ಹಣವೋ?

ವಸ್ತುವಿಗೆ ಸಾಗಣೆಯ ಭಾರವಿದೆ. ಅಮೆರಿಕದ ತುರ್ತು ಆಹಾರ ನೆರವಿನ ಪ್ರಮುಖ ಯೋಜನೆಯಲ್ಲಿ ಸುಮಾರು ಶೇ. 65ರಷ್ಟು ವೆಚ್ಚ ಸಾಗಣೆ ಮತ್ತಿತರ ಬಾಬುಗಳಿಗೇ ಹೋಗುತ್ತಿದೆ ಎಂದು ಆ ದೇಶದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2007ರಲ್ಲಿ ವರದಿ ಮಾಡಿತ್ತು. ಆದ್ದರಿಂದ ನೆರವು ಸಂಸ್ಥೆಗಳು ಕ್ರಮೇಣ ಸಮೀಪದ ಪೇಟೆಯಲ್ಲೇ ಧಾನ್ಯ ಕೊಳ್ಳುವುದಕ್ಕೆ ಅಥವಾ ನಗದು ಕೊಡುವುದಕ್ಕೆ ವಾಲಿದವು. ಪೇಟೆಯಲ್ಲಿ ಸರಕಿದ್ದು ಜನರ ಕೈಯಲ್ಲಿ ಕಾಸಿಲ್ಲದಾಗ ನಗದು ಉತ್ತಮ; ಪೇಟೆಯೇ ಬರಿದಾದಾಗ ವಸ್ತು ಅನಿವಾರ್ಯ.

ಈ ಚರ್ಚೆ ಕನ್ನಡಿಗರಿಗೆ ಹೊಸತಲ್ಲ. ‘ಅನ್ನಭಾಗ್ಯ’ ಯೋಜನೆಯ ಹೆಚ್ಚುವರಿ ಐದು ಕಿಲೋ ಅಕ್ಕಿ ದೊರೆಯದ ಕಾರಣ 2023ರ ಜುಲೈನಿಂದ ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು ರಾಜ್ಯ ಸರ್ಕಾರ ಖಾತೆಗೆ ಜಮಾ ಮಾಡಿತು. 2025ರಲ್ಲಿ ಮತ್ತೆ ಅಕ್ಕಿಗೇ ಮರಳಿತು. ಹಣ ಮನೆಯ ಯಾವ ಕೈಗೆ ಸೇರುತ್ತದೆ, ಬೆಲೆ ಏರಿದರೆ ಏನು ಎಂಬ ಅಂದಿನ ಪ್ರಶ್ನೆಗಳೇ ಜಾಗತಿಕ ಮಟ್ಟದಲ್ಲೂ ಕೇಳಿಬರುತ್ತವೆ.

ದಾನಿಯ ಮರ್ಜಿಯ ಮೇಲೆ ನಿಂತ ವ್ಯವಸ್ಥೆಯ ಅಪಾಯ 2025ರಲ್ಲಿ ಎದ್ದು ಕಂಡಿತು. ಅಮೆರಿಕದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆ ಆ ವರ್ಷದ ಜುಲೈ 1ರಂದು ಕಾರ್ಯ ನಿಲ್ಲಿಸಿತು. ಹಸಿದ ಮಕ್ಕಳಿಗೆಂದು ಕೊಂಡು ದುಬೈ ಗೋದಾಮಿನಲ್ಲಿಟ್ಟಿದ್ದ ಸುಮಾರು 500 ಟನ್ ಪೌಷ್ಟಿಕ ಬಿಸ್ಕತ್ತು ಹಂಚಿಕೆಯಾಗದೆ ಅವಧಿ ಮೀರಿ ನಾಶವಾಗುವ ಪಾಡಿಗೆ ಬಂದಿತು.

ಕೊಡುವ ಸಾಲಿನಲ್ಲಿ ಭಾರತ

ಒಂದು ಕಾಲಕ್ಕೆ ಹಡಗಿನ ಗೋಧಿಗೆ ಕಾದಿದ್ದ ದೇಶ ಆಫ್ಘಾನಿಸ್ತಾನಕ್ಕೆ 50,000 ಟನ್ ಗೋಧಿಯ ನೆರವು ಪ್ರಕಟಿಸಿ 2022ರಲ್ಲಿ ಪಾಕಿಸ್ತಾನದ ಮಾರ್ಗವಾಗಿ ಲಾರಿಗಳನ್ನು ಕಳುಹಿಸಿತು. 2021ರ ಜನವರಿಯಲ್ಲಿ ಭೂತಾನ್, ಮಾಲ್ಡೀವ್ಸ್‌ಗಳಿಗೆ ಕೋವಿಡ್ ಲಸಿಕೆ ರವಾನಿಸುವುದರೊಂದಿಗೆ ‘ಲಸಿಕೆ ಮೈತ್ರಿ’ ಆರಂಭವಾಯಿತು. ಕೊಡುವವರಾದಾಗ, ಪಡೆದ ದಿನಗಳ ಅನುಭವವನ್ನು ಮರೆಯದಿರುವುದು ಒಳಿತು.

ಒಳಬರುವ ದಾನಕ್ಕೆ ಕಾನೂನಿನ ಕಟ್ಟಳೆಗಳಿವೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಹಣ ಮಾತ್ರವಲ್ಲ, ವಸ್ತುವೂ ದೇಣಿಗೆಯೇ. ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ ಪಡೆಯಬಹುದು, ಲೆಕ್ಕ ಒಪ್ಪಿಸಬೇಕು. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ತಾನು ಪಡೆದದ್ದನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ದೊಡ್ಡ ಸಂಸ್ಥೆಯಿಂದ ನೆರವು ಪಡೆದು ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದ ಸಣ್ಣ ಸಂಘಗಳಿಗೆ ಇದರಿಂದ ತೊಂದರೆಯಾಗಿದೆ ಎಂಬ ಅಹವಾಲೂ ಇದೆ.

ಚಿನ್ನದೂರಿನ ಲೆಕ್ಕ

ಚಾಂಪಿಯನ್ ರೀಫ್ಸ್‌ಗೆ ಮರಳಿದರೆ, ಸಾಗರದಾಚೆಯೊಡನೆ ಈ ಊರಿನ ನಂಟು ದಾನಕ್ಕಿಂತ ಬಹಳ ಹಳೆಯದು. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತದಲ್ಲಿ ಲಂಡನ್ ಕಂಪನಿಗಳು ಇಲ್ಲಿ ಚಿನ್ನ ತೆಗೆದವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಜಗತ್ತಿನ ಅತಿ ಆಳದ ಗಣಿಗಳಲ್ಲೊಂದೆನಿಸಿತು. ಸುಮಾರು 120 ವರ್ಷಗಳಲ್ಲಿ ಕೆಜಿಎಫ್ ಕೊಟ್ಟ ಚಿನ್ನ ಅಂದಾಜು 800 ಟನ್. ಲಾಭಾಂಶ ಲಂಡನ್ನಿನ ಷೇರುದಾರರಿಗೆ ಹೋಯಿತು. ಕಲ್ಲಿನ ಧೂಳು ಕಾರ್ಮಿಕರ ಶ್ವಾಸಕೋಶದಲ್ಲಿ ಉಳಿಯಿತು. 1956ರಲ್ಲಿ ಗಣಿಗಳು ಸರ್ಕಾರದ ವಶಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ರೂಪುಗೊಂಡು 2001ರ ಫೆಬ್ರವರಿ 28ರಂದು ಕೆಲಸ ನಿಂತಿತು.

ಆನಂತರ ಲೈನ್ ಮನೆಗಳ ಯುವಕ ಯುವತಿಯರು ಬೆಳಗಿನ ಜಾವದ ರೈಲು ಹಿಡಿದು, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಕತ್ತಲಾದ ಮೇಲೆ ಮನೆ ಸೇರುವುದು ಅಭ್ಯಾಸವಾಯಿತು. ಸೈನೈಡ್ ಗುಡ್ಡಗಳ ಧೂಳು ಬೇಸಿಗೆಯ ಗಾಳಿಗೆ ಮನೆಯೊಳಗೆ ಬರುತ್ತದೆ. 2024ರಲ್ಲಿ ಆ ಗುಡ್ಡಗಳಲ್ಲಿ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಸೂಚಿಸಿದೆ.

ಇಂತಹ ಊರಿಗೆ ಬೇಕಾದದ್ದರ ಪಟ್ಟಿ ಮಾಡಿದರೆ ಹಳೆಯ ಬಟ್ಟೆಯ ಮೂಟೆ ಅದರಲ್ಲಿ ಕೊನೆಗೂ ಬರಲಿಕ್ಕಿಲ್ಲ. ಹತ್ತಿರದಲ್ಲೇ ಉದ್ಯೋಗ, ವಾಸದ ಮನೆಯ ಹಕ್ಕು, ಶ್ವಾಸಕೋಶದ ಕಾಯಿಲೆಗೆ ಚಿಕಿತ್ಸೆ, ಶುದ್ಧ ನೀರು ಇವು ಮೊದಲು ಬರುತ್ತವೆ. ಹಕ್ಕಾಗಿ ಬರಬೇಕಾದದ್ದನ್ನು ದಾನ ತುಂಬಿಕೊಡಲಾರದು. ಆದರೆ ಹಾಲಿನ ಪುಡಿಯಿಂದ ಡೇರಿಯನ್ನು ಕಟ್ಟಿದ ದೇಶದಲ್ಲಿ, ನೆರವು ಸರಿಯಾದ ಕೈಗೆ ಬಿದ್ದರೆ ಏನಾಗಬಲ್ಲುದೆಂಬುದಕ್ಕೂ ಸಾಕ್ಷಿಯಿದೆ.

ದಾನಿಗಳು ಗಮನಿಸಬೇಕಾದ ಅಂಶಗಳು

* ಏನು ಬೇಕೆಂದು ಮೊದಲು ಪಡೆಯುವವರನ್ನೇ ಕೇಳಿ. ನಿಮ್ಮಲ್ಲಿ ಹೆಚ್ಚಾದದ್ದು ಅವರಿಗೆ ಕೊರತೆಯಾದದ್ದೇ ಎಂದು ಭಾವಿಸಬೇಡಿ.
* ಆ ವಸ್ತು ಅವರ ಊರಿನ ಅಂಗಡಿಯಲ್ಲೇ ಸಿಗುವುದಾದರೆ ಹಣ ಕಳುಹಿಸುವುದು ಲೇಸು. ಅಲ್ಲಿನ ವ್ಯಾಪಾರಿಗೂ ನೆರವಾಗುತ್ತದೆ.
* ನೀವು ಸ್ವತಃ ತೊಡಲು ಸಂಕೋಚಪಡುವ ಬಟ್ಟೆಯನ್ನು ಕೊಡಬೇಡಿ. ಒಗೆದು, ವಿಂಗಡಿಸಿ, ಗುಂಡಿ ಹೊಲಿದು ಕೊಡಿ.
* ಉಳಿದ ಮಾತ್ರೆ, ಅವಧಿ ಸಮೀಪಿಸಿದ ಔಷಧಗಳನ್ನು ಎಂದೂ ಕಳುಹಿಸಬೇಡಿ.
* ಉಪಕರಣ ಕೊಡುವಾಗ ವಿದ್ಯುತ್ತಿನ ಹೊಂದಾಣಿಕೆ, ಬಿಡಿಭಾಗ, ತರಬೇತಿ, ದುರಸ್ತಿಯ ವೆಚ್ಚವನ್ನೂ ಸೇರಿಸಿ ಕೊಡಿ.
* ವಿದೇಶದಲ್ಲಿರುವ ಕನ್ನಡ ಕುಟುಂಬಗಳು ತವರಿನ ಶಾಲೆ, ಆಸ್ಪತ್ರೆಗಳಿಗೆ ವಸ್ತು ಕಳುಹಿಸುವ ಮುನ್ನ ಪಡೆಯುವ ಸಂಸ್ಥೆಗೆ ಕಾನೂನಿನ ಅನುಮತಿ ಇದೆಯೇ, ಸುಂಕವನ್ನು ಯಾರು ತೆರಬೇಕು ಎಂಬುದನ್ನು ಖಚಿತಪಡಿಸಿಕೊಳ್ಳಿ.
* ಪಡೆಯುವವರ ಭಾವಚಿತ್ರ ತೆಗೆದು ಹಂಚುವ ಮುನ್ನ ಅವರ ಒಪ್ಪಿಗೆ ಕೇಳಿ.
* ಒಂದು ದಿನದ ದೊಡ್ಡ ದಾನಕ್ಕಿಂತ ವರ್ಷಗಟ್ಟಲೆ ನಡೆಯುವ ಸಣ್ಣ ನೆರವು ಹೆಚ್ಚು ಫಲ ಕೊಡುತ್ತದೆ.